ಇಂಗ್ಲಿಷ್ ಸ್ಲ್ಯಾಂಗನ್ನು ಜರ್ಮನ್‌ಗೆ ತರುವುದು ಹೇಗೆ: ಕನ್ನಡದ ದಾರಿಯಿಂದ ಹೋಗುವವರಿಗೊಂದು ಸಮಗ್ರ ಮಾರ್ಗದರ್ಶಿ

ಜರ್ಮನ್ ಕಲಿಯಲು ಆರಂಭಿಸಿದ ಮೊದಲ ಬೇಸಿಗೆಯಲ್ಲಿ, ಕಿಟಕಿ ತೆರೆಯಲಾಗದ ಒಂದು ಕೋಣೆಯಲ್ಲಿ ಕುಳಿತು, ಇಂಗ್ಲಿಷಿನ ‘ಐ ಆ್ಯಮ್ ಹಾಟ್’ ಎಂಬ ಮಾತನ್ನು ನಾನು ಪದಕ್ಕೆ ಪದವಿಟ್ಟು ‘ಇಶ್ ಬಿನ್ ಹೈಸ್’ ಎಂದು ಹೇಳಿದೆ. ಎದುರಿಗಿದ್ದ ಇಬ್ಬರು ಜರ್ಮನ್ನರು ಮೊದಲು ನೆಲ ನೋಡಿದರು, ಆಮೇಲೆ ತಡೆಯಲಾರದೆ ನಕ್ಕರು. ನಾನು ಹೇಳಬೇಕಾಗಿದ್ದದ್ದು ‘ಮೀರ್ ಇಸ್ಟ್ ಹೈಸ್’ ಎಂದು, ಅಂದರೆ ‘ನನಗೆ ಸೆಕೆ’ ಎಂದು; ಹೇಳಿದ್ದು ಮಾತ್ರ ನನ್ನ ಮೈಯಲ್ಲಿ ಬೇರೆಯೇ ಬಗೆಯ ಬಿಸಿ ಏರಿದೆ ಎಂದು. ಆ ಮುಜುಗರ ಇಳಿದ ಮೇಲೆ ಹೊಳೆದ ಸಂಗತಿಯೇ ಈ ಬರಹದ ಬುನಾದಿ: ಕನ್ನಡದಲ್ಲಿ ನಾವು ಯಾರೂ ‘ನಾನು ಸೆಕೆ’ ಎನ್ನುವುದಿಲ್ಲ, ‘ನನಗೆ ಸೆಕೆ’ ಎಂದೇ ಹೇಳುತ್ತೇವೆ. ಕನ್ನಡದಿಂದ ನೇರವಾಗಿ ಜರ್ಮನ್‌ಗೆ ಹೋಗಿದ್ದರೆ ಎಡವುತ್ತಿರಲಿಲ್ಲ. ಇಂಗ್ಲಿಷಿನ ಸೇತುವೆ ಹತ್ತಿದ್ದರಿಂದ ಹೊಳೆಗೆ ಬಿದ್ದೆ.

ಆಟಗಳಿಗೆ, ಆ್ಯಪ್‌ಗಳಿಗೆ, ಅಡಿಬರಹಗಳಿಗೆ ಜರ್ಮನ್ ಪಠ್ಯ ಸಿದ್ಧಪಡಿಸುವವರು, ಮ್ಯೂನಿಕ್ಕಿನಲ್ಲೋ ಸ್ಟುಟ್‌ಗಾರ್ಟಿನಲ್ಲೋ ಕೆಲಸಕ್ಕಿದ್ದು ಸಹೋದ್ಯೋಗಿಗಳೊಂದಿಗೆ ಸಲುಗೆಯಿಂದ ಮಾತನಾಡಬೇಕಾದವರು, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ-1, ಅಂದರೆ ಮಧ್ಯಮ ಹಂತ, ಮುಗಿಸಿ ಇನ್ನು ಮುಂದೇನು ಎಂದು ಯೋಚಿಸುತ್ತಿರುವವರು ಇದನ್ನು ಕೆಲಸದ ಕೈಪಿಡಿಯಂತೆ ಬಳಸಬಹುದು. ಜರ್ಮನ್ ಪದಗಳನ್ನು ಕಿವಿಗೆ ಬೀಳುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಉಮ್ಲೌಟ್ ಸ್ವರಗಳಿಗೆ (ä, ö, ü) ನಮ್ಮ ಲಿಪಿಯಲ್ಲಿ ಸರಿಸಮನಾದ ಅಕ್ಷರವಿಲ್ಲದ ಕಾರಣ ಅಲ್ಲಲ್ಲಿ ಉಚ್ಚಾರಣೆ ಅಂದಾಜಿನದ್ದು.

ಮೊದಲ ಹೆಜ್ಜೆ: ಪದವನ್ನು ಬಿಟ್ಟು ಸಂದರ್ಭವನ್ನು ಹಿಡಿಯುವುದು

ಸ್ಲ್ಯಾಂಗ್ ಪದಗಳಿಗೆ ನಿಘಂಟಿನ ಅರ್ಥ ಅಲ್ಪ, ಕೆಲಸ ಹೆಚ್ಚು. ‘ಡ್ಯೂಡ್’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಗೆಳೆಯನನ್ನು ಕರೆಯುವಾಗ ಅದು ‘ಮಗಾ’. ನಂಬಲಾಗದ ಸುದ್ದಿ ಕೇಳಿ ಉದ್ಗರಿಸುವಾಗ ಅದು ‘ಅಯ್ಯೋ’. ಎಡವಟ್ಟು ಮಾಡಿದವನನ್ನು ನಯವಾಗಿ ಗದರಿಸುವಾಗ ‘ಏನ್ ಗುರು ಇದು’. ಮಂಗಳೂರು ಕಡೆಯವರು ಈ ಮೂರಕ್ಕೂ ‘ಮಾರಾಯ’ ಒಂದನ್ನೇ ಸ್ವರ ಬದಲಿಸಿ ಸಾಕು ಮಾಡಿಕೊಂಡಾರು. ಜರ್ಮನ್‌ನಲ್ಲಿ ಇದಕ್ಕೆ ತೀರ ಹತ್ತಿರದ ಪದ ‘ಆಲ್ಟರ್’. ಅಕ್ಷರಶಃ ಅದು ‘ಮುದುಕ’ ಎಂದಾದರೂ, ಹದಿನೇಳರ ಹುಡುಗ ಹದಿನೇಳರ ಹುಡುಗನಿಗೇ ಹೀಗೆನ್ನುತ್ತಾನೆ. ನಾವು ಸಮವಯಸ್ಕನನ್ನು ‘ಮಗಾ’ ಎಂದು ಕರೆದು ಅಪ್ಪನಾಗುತ್ತೇವೆ, ಜರ್ಮನ್ನರು ‘ಮುದುಕ’ ಎಂದು ಕರೆದು ಮಕ್ಕಳಾಗುತ್ತಾರೆ. ಎರಡೂ ಕಡೆ ವಯಸ್ಸಿಗೂ ಮಾತಿಗೂ ಸಂಬಂಧವಿಲ್ಲ. ಹ್ಯಾಂಬರ್ಗಿನಿಂದ ಹೊರಟು ಈಗ ದೇಶದ ತುಂಬ ಹಬ್ಬಿರುವ ‘ಡಿಗ್ಗಾ’ ಎಂಬುದು ‘ದಪ್ಪಗಿರುವವನು’ ಎಂಬ ಪದದ ಆಡುರೂಪ. ಅದರಲ್ಲಿಯೂ ಮೈತೂಕದ ಮಾತಿಲ್ಲ. ಗುಂಪನ್ನು ಕುರಿತ ‘ಹೇ ಗೈಸ್’ ಎಂಬುದಕ್ಕೆ ‘ಹೈ ಲೊಯ್ಟೆ’ ಸರಿ. ‘ಯುಂಗ್ಸ್’ ಎಂದರೆ ಹುಡುಗರು ಮಾತ್ರ. ಗುಂಪಿನಲ್ಲಿ ಹೆಂಗಸರಿದ್ದರೆ ಅದು ಹೊಂದುವುದಿಲ್ಲ.

ಆದ್ದರಿಂದ ಅನುವಾದಕ್ಕೆ ಕೈ ಹಾಕುವ ಮುನ್ನ ಯಾರು, ಯಾರಿಗೆ, ಎಷ್ಟು ಬಿಸಿಯಲ್ಲಿ ಹೇಳುತ್ತಿದ್ದಾರೆ ಎಂಬುದನ್ನು ವಾಕ್ಯದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ‘ದಟ್ ಸಕ್ಸ್’ ಎಂಬುದನ್ನು ಹತ್ತು ವರ್ಷದ ಮಗು ಹೇಳಿದರೆ ‘ಡಾಸ್ ಇಸ್ಟ್ ಡೋಫ್’, ಬೇಸತ್ತ ಕಾಲೇಜು ವಿದ್ಯಾರ್ಥಿ ಹೇಳಿದರೆ ‘ಡಾಸ್ ನೆರ್ಫ್ಟ್’, ಸಿಟ್ಟಿನಲ್ಲಿ ಕುದಿಯುತ್ತಿರುವವನು ಹೇಳಿದರೆ ‘ಡಾಸ್ ಇಸ್ಟ್ ಶೈಸೆ’. ಮೂರೂ ಸರಿಯಾದ ಅನುವಾದಗಳೇ. ಅದಲು ಬದಲಾದರೆ ಮೂರೂ ತಪ್ಪು.

ಎರಡನೆಯ ಹೆಜ್ಜೆ: ಆ ಮಾತನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳುವುದು

ಇದು ಸುತ್ತುದಾರಿಯಂತೆ ಕಂಡರೂ ನನ್ನ ಅನುಭವದಲ್ಲಿ ಒಳದಾರಿ. ಇಂಗ್ಲಿಷ್ ಮುಚ್ಚಿಟ್ಟಿರುವ ಹಲವು ಸಂಗತಿಗಳನ್ನು ಕನ್ನಡ ತೆರೆದು ತೋರಿಸುತ್ತದೆ, ಮತ್ತು ಜರ್ಮನ್ ಕೇಳುವುದೂ ಅವನ್ನೇ.

ಎಲ್ಲಕ್ಕಿಂತ ಮೊದಲು ಬರುವುದು ಸಂಬೋಧನೆ. ಇಂಗ್ಲಿಷಿನ ‘ಯೂ’ ಯಾರಿಗೆ ಬೇಕಾದರೂ ಸಲ್ಲುತ್ತದೆ. ಜರ್ಮನ್‌ನಲ್ಲಿ ‘ಡೂ’ ಮತ್ತು ‘ಝೀ’ ಎಂಬ ಎರಡು ಬಾಗಿಲುಗಳಿವೆ. ಕನ್ನಡಿಗರಿಗೆ ‘ನೀನು’, ‘ನೀವು’ ಹುಟ್ಟಿನಿಂದಲೇ ಗೊತ್ತಿರುವುದರಿಂದ ಈ ಆಯ್ಕೆ ಅವರಿಗೆ ಪಾಠವೇ ಅಲ್ಲ. ಗಡಿರೇಖೆ ಮಾತ್ರ ಸ್ವಲ್ಪ ಬೇರೆ. ನಾವು ಅಮ್ಮನಿಗೆ ‘ನೀನು’ ಎಂದು ಅಪ್ಪನಿಗೆ ‘ನೀವು’ ಎನ್ನುವ ಮನೆಗಳು ಎಷ್ಟೋ ಇವೆ, ಆದರೆ ಇಂದಿನ ಜರ್ಮನ್ ಮನೆಯೊಳಗೆ ಅಜ್ಜನಿಗೂ ‘ಡೂ’. ಹೊರಗೆ ಮಾತ್ರ ಪರಿಚಯವಿಲ್ಲದ ವಯಸ್ಕರಿಗೆ, ಅಂಗಡಿಯಲ್ಲಿ, ಕಚೇರಿಯ ಕೌಂಟರಿನಲ್ಲಿ ‘ಝೀ’. ಇಕಿಯಾದಂತಹ ಕಂಪನಿ ಜರ್ಮನಿಯಲ್ಲಿ ಗ್ರಾಹಕರನ್ನು ‘ಡೂ’ ಎಂದೇ ಮಾತನಾಡಿಸುತ್ತದೆ, ಆದರೆ ಅದು ಆ ಕಂಪನಿ ಬೇಕೆಂದೇ ಆರಿಸಿಕೊಂಡ ಧಾಟಿ. ‘ಝೀ’ ಇರುವ ವಾಕ್ಯದಲ್ಲಿ ‘ಆಲ್ಟರ್’ ಇರಲಾರದು. ‘ನೀವು ಬನ್ನಿ ಮಗಾ’ ಎಂದರೆ ಹೇಗೋ ಹಾಗೆ.

ಆಮೇಲೆ ಬರುವುದು ಚತುರ್ಥಿ ವಿಭಕ್ತಿ. ಮೈಯ ಮತ್ತು ಮನಸ್ಸಿನ ಸ್ಥಿತಿಗಳನ್ನು ನಾವು ‘ನನಗೆ’ ಎಂದು ಹೇಳುವ ಬಹಳಷ್ಟು ಕಡೆ ಜರ್ಮನ್ ಕೂಡ ‘ಮೀರ್’ ಎನ್ನುತ್ತದೆ. ‘ನನಗೆ ಚಳಿ’ ಎಂಬುದು ‘ಮೀರ್ ಇಸ್ಟ್ ಕಾಲ್ಟ್’. ‘ಐ ಡೋಂಟ್ ಕೇರ್’ ಎಂಬುದು ಕನ್ನಡದಲ್ಲಿ ‘ನನಗೇನಂತೆ’, ಜರ್ಮನ್‌ನಲ್ಲಿ ‘ಇಸ್ಟ್ ಮೀರ್ ಎಗಾಲ್’. ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ‘ನನಗೆ ಹಸಿವು’ ಎಂಬಲ್ಲಿ ಜರ್ಮನ್ ‘ಇಶ್ ಹಾಬೆ ಹುಂಗರ್’ ಎಂದು ‘ನಾನು ಹಸಿವನ್ನು ಹೊಂದಿದ್ದೇನೆ’ ಎನ್ನುತ್ತದೆ. ಊಟವಾದ ಮೇಲೆ ಇಂಗ್ಲಿಷಿನ ‘ಐ ಆ್ಯಮ್ ಫುಲ್’ ಎಂಬುದನ್ನು ‘ಇಶ್ ಬಿನ್ ಫೊಲ್’ ಎಂದು ತಿರುಗಿಸಿದರೆ ಹೊಟ್ಟೆಗಿಂತ ತಲೆ ತುಂಬಿದೆ, ಅಂದರೆ ಕುಡಿದು ಚಿತ್ತಾಗಿದ್ದೀರಿ ಎಂದು ಕೇಳಿಸಬಹುದು. ಹೇಳಬೇಕಾದದ್ದು ‘ಇಶ್ ಬಿನ್ ಝಾಟ್’.

ಮೂರನೆಯದು, ಮತ್ತು ನನಗೆ ಅತ್ಯಂತ ಪ್ರಿಯವಾದದ್ದು, ಮಾತಿನ ನಡುವೆ ಸಿಕ್ಕಿಸುವ ಚಿಕ್ಕ ಪದಗಳು. ‘ಡೋಖ್’, ‘ಮಾಲ್’, ‘ಹಾಲ್ಟ್’, ‘ಡೆನ್’, ‘ಯಾ’ ಇವುಗಳಿಗೆ ಇಂಗ್ಲಿಷಿನಲ್ಲಿ ನೇರ ಸಮಾನಪದ ಸಿಗದೆ ಪಠ್ಯಪುಸ್ತಕಗಳು ಪುಟಗಟ್ಟಲೆ ವಿವರಣೆ ಕೊಡುತ್ತವೆ. ಕನ್ನಡದಲ್ಲಿ ಅವಕ್ಕೆ ಪ್ರತ್ಯಯಗಳೇ ಇವೆ. ‘ಹಾಬ್ ಇಶ್ ಡೋಖ್ ಗೆಝಾಗ್ಟ್’ ಎಂದರೆ ‘ಹೇಳಿದ್ನಲ್ಲ’. ಆ ‘ಅಲ್ಲ’ವೇ ‘ಡೋಖ್’. ‘ಕೊಮ್ ಮಾಲ್ ಹೇರ್’ ಎಂದರೆ ‘ಸ್ವಲ್ಪ ಬಾ ಇಲ್ಲಿ’; ‘ಮಾಲ್’ ಬಿಟ್ಟು ‘ಕೊಮ್ ಹೇರ್’ ಎಂದಷ್ಟೇ ಹೇಳಿದರೆ ಮೇಷ್ಟರು ಬೆತ್ತ ಹಿಡಿದು ಕರೆದಂತಾಗುತ್ತದೆ. ‘ಝೋ ಇಸ್ಟ್ ಏರ್ ಹಾಲ್ಟ್’ ಎಂದರೆ ‘ಅವನು ಹಾಗೇ ಬಿಡು’. ‘ವಾಸ್ ಮಾಖ್ಸ್ಟ್ ಡೂ ಡೆನ್ ಹಿಯರ್’ ಎಂಬ ಪ್ರಶ್ನೆಯಲ್ಲಿನ ‘ಡೆನ್’, ‘ನೀನೇನೋ ಇಲ್ಲಿ’ ಎಂಬುದರ ಅಚ್ಚರಿಯನ್ನು ಹೊತ್ತಿದೆ. ಇಂಗ್ಲಿಷ್ ಮೂಲದಲ್ಲಿ ಈ ಪದಗಳಿರುವುದಿಲ್ಲವಾದ್ದರಿಂದ ಅನುವಾದಕ ಇವನ್ನು ಮರೆಯುತ್ತಾನೆ, ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲದ ಅವನ ಜರ್ಮನ್ ಆಗ ಸರ್ಕಾರಿ ಸುತ್ತೋಲೆಯ ಹಾಗೆ ಒಣಗಿ ನಿಲ್ಲುತ್ತದೆ. ಇಂಗ್ಲಿಷಿನ ಸ್ಲ್ಯಾಂಗ್ ಪದ ಮಾಡುತ್ತಿದ್ದ ಕೆಲಸವನ್ನು ಜರ್ಮನ್‌ನಲ್ಲಿ ಎಷ್ಟೋ ಸಲ ಸ್ಲ್ಯಾಂಗ್ ಪದಕ್ಕಿಂತ ಇಂಥ ಒಂದು ‘ಮಾಲ್’ ಅಥವಾ ‘ಹಾಲ್ಟ್’ ಹೆಚ್ಚು ಚೆನ್ನಾಗಿ ಮಾಡುತ್ತದೆ.

ಕತೆ ಹೇಳುವಾಗ ಬರುವ ‘ಆ್ಯಂಡ್ ಐ ವಾಸ್ ಲೈಕ್, ನೋ ವೇ’ ಎಂಬ ಬಳಕೆಗೂ ಜರ್ಮನ್‌ನಲ್ಲಿ ಸೊಗಸಾದ ಜೋಡಿಯಿದೆ: ‘ಉಂಟ್ ಇಶ್ ಝೋ: ನೇ, ಓಡರ್?’ ಇಲ್ಲಿ ‘ಹೇಳಿದೆ’ ಎಂಬ ಕ್ರಿಯಾಪದವೇ ಇಲ್ಲ, ‘ಮತ್ತೆ ನಾನು ಹೀಗೆ’ ಎಂದಷ್ಟೇ ಇದೆ. ನಾವು ‘ನಾನು, ಏನೋ ಇದು ಅಂತ’ ಎಂದು ವಾಕ್ಯವನ್ನು ಅಲ್ಲಿಗೇ ಕೈಬಿಡುವುದಿಲ್ಲವೇ, ಹಾಗೆಯೇ.

ಮೂರನೆಯ ಹೆಜ್ಜೆ: ಒಂದು ಸಂದೇಶವನ್ನು ಬಿಚ್ಚಿ ಕಟ್ಟುವುದು

ಇಲ್ಲಿಯವರೆಗಿನದನ್ನು ಒಂದು ನಿಜವಾದ ಸಂದೇಶದ ಮೇಲೆ ಪ್ರಯೋಗಿಸಿ ನೋಡೋಣ. ಫೋನಿನಲ್ಲಿ ಬಂದ ಇಂಗ್ಲಿಷ್ ಹೀಗಿದೆ: ‘ಡ್ಯೂಡ್, ಸಾರಿ ಐ ಬೇಲ್ಡ್ ಆನ್ ಯೂ ಲಾಸ್ಟ್ ನೈಟ್. ಐ ವಾಸ್ ಟೋಟಲಿ ವೈಪ್ಡ್ ಔಟ್. ವಾನ್ನಾ ಹ್ಯಾಂಗ್ ಔಟ್ ಸ್ಯಾಟರ್‌ಡೇ? ಇಟ್ಸ್ ಆನ್ ಮೀ. ನೋ ಹಾರ್ಡ್ ಫೀಲಿಂಗ್ಸ್, ರೈಟ್?’

ಇದನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳೋಣ: ‘ಮಗಾ, ನಿನ್ನೆ ಕೈ ಕೊಟ್ಟೆ, ಸಾರಿ ಕಣೋ. ಪೂರ್ತಿ ಸುಸ್ತಾಗ್ಹೋಗಿದ್ದೆ. ಶನಿವಾರ ಸಿಗೋಣ್ವಾ? ಖರ್ಚು ನಂದು. ಬೇಜಾರಿಲ್ಲ ತಾನೇ?’

ಈಗ ಜರ್ಮನ್: ‘ಎಯ್ ಆಲ್ಟರ್, ಸೋರಿ, ಡಾಸ್ ಇಶ್ ಡಿಶ್ ಗೆಸ್ಟರ್ನ್ ಹಾಬ್ ಹೆಂಗೆನ್ ಲಾಸೆನ್. ವಾರ್ ಟೋಟಾಲ್ ಪ್ಲಾಟ್. ಹಾಸ್ಟ್ ಡೂ ಝಾಮ್ಸ್‌ಟಾಗ್ ಬೊಕ್, ವಾಸ್ ತ್ಸು ಮಾಖೆನ್? ಗೇಟ್ ಔಫ್ ಮಿಶ್. ಬಿಸ್ಟ್ ಮೀರ್ ನಿಶ್ಟ್ ಬ್ಯೋಸೆ, ಓಡರ್?’

‘ಬೇಲ್’ ಎಂಬುದಕ್ಕೆ ನಿಘಂಟು ‘ಅಬ್‌ಹೌಎನ್’ ಎಂದು ಕೊಡಬಹುದು. ಅದು ಓಡಿಹೋಗುವುದು, ಕಂಬಿ ಕೀಳುವುದು. ಇಲ್ಲಿ ಆದದ್ದು ಕೈ ಕೊಟ್ಟದ್ದು, ಅಂದರೆ ಗೆಳೆಯನನ್ನು ಕಾಯಿಸಿ ಬಾರದೇ ಹೋದದ್ದು. ಜರ್ಮನ್‌ನಲ್ಲಿ ಅದಕ್ಕೆ ‘ಹೆಂಗೆನ್ ಲಾಸೆನ್’, ನೇತಾಡಲು ಬಿಡುವುದು. ಕನ್ನಡದಲ್ಲಿ ಕೈ ಕೊಡುತ್ತೇವೆ, ಜರ್ಮನ್‌ನಲ್ಲಿ ನೇತುಹಾಕುತ್ತಾರೆ, ಪೆಟ್ಟು ಒಂದೇ. ‘ವೈಪ್ಡ್ ಔಟ್’ ಎಂಬುದಕ್ಕೆ ‘ಪ್ಲಾಟ್’ ಎಂದರೆ ಚಪ್ಪಟೆ, ಗಾಳಿ ಹೋದ ಟೈರಿನ ಹಾಗೆ. ‘ಫೆರ್ಟಿಶ್’ ಎಂದರೂ ನಡೆಯುತ್ತದೆ. ‘ಹ್ಯಾಂಗ್ ಔಟ್’ ಎಂಬುದಕ್ಕೆ ‘ಅಬ್‌ಹೆಂಗೆನ್’ ಎಂಬ ಕ್ರಿಯಾಪದ ಸಿದ್ಧವಾಗಿದ್ದರೂ, ಅದು ಏನೂ ಮಾಡದೆ ಬಿದ್ದುಕೊಂಡಿರುವುದರ ಕಡೆಗೆ ವಾಲುತ್ತದೆ. ಕರೆಯುವಾಗ ‘ಬೊಕ್ ಹಾಬೆನ್’ ಹೆಚ್ಚು ಸಹಜ.

ಈ ‘ಬೊಕ್’ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬರವಣಿಗೆಯಲ್ಲಿ ಅದು ‘ಹೋತ’ ಎಂಬ ಪದದಂತೆಯೇ ಕಾಣುತ್ತದೆ, ಆದರೆ ‘ಮನಸ್ಸು, ಹುಕಿ’ ಎಂಬ ಅರ್ಥದ ಈ ಬೊಕ್ ಯುರೋಪಿನ ರೋಮಾ ಜನರ ರೋಮಾನಿ ಭಾಷೆಯ ‘ಬೊಖ್’, ಅಂದರೆ ಹಸಿವು, ಎಂಬುದರಿಂದ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ರೋಮಾನಿ ನಮ್ಮ ಉತ್ತರ ಭಾರತದಿಂದ ಹೊರಟ ಭಾಷೆ. ಅದರ ಬೊಖ್ ಹಿಂದಿಯ ‘ಭೂಖ್’ನ ಒಡಹುಟ್ಟು. ಬರ್ಲಿನ್ನಿನ ಹುಡುಗಿ ‘ನುಲ್ ಬೊಕ್’, ಅಂದರೆ ‘ಒಂಚೂರೂ ಮನಸ್ಸಿಲ್ಲ’, ಎಂದು ಸೋಫಾದ ಮೇಲೆ ಮಗ್ಗುಲು ಬದಲಿಸುವಾಗ ತನಗರಿವಿಲ್ಲದೆ ಭಾರತದ ಹಸಿವನ್ನು ನೆನೆಯುತ್ತಿರುತ್ತಾಳೆ.

ಜರ್ಮನ್ ಆವೃತ್ತಿಯಲ್ಲಿ ‘ವಾರ್ ಟೋಟಾಲ್ ಪ್ಲಾಟ್’, ‘ಬಿಸ್ಟ್ ಮೀರ್ ನಿಶ್ಟ್ ಬ್ಯೋಸೆ’ ಎಂಬ ವಾಕ್ಯಗಳಲ್ಲಿ ‘ನಾನು’, ‘ನೀನು’ ಇಲ್ಲದಿರುವುದನ್ನು ಗಮನಿಸಿ. ಶಾಲೆಯ ಜರ್ಮನ್‌ನಲ್ಲಿ ಕರ್ತೃಪದ ಬಿಡುವಂತಿಲ್ಲ, ಆಡುಮಾತಿನಲ್ಲಿ ವಾಕ್ಯದ ಮೊದಲಿಗೆ ಬರುವ ಸರ್ವನಾಮವನ್ನು ಧಾರಾಳವಾಗಿ ಬಿಡುತ್ತಾರೆ. ‘ಸುಸ್ತಾಗ್ಹೋಗಿದ್ದೆ’ ಎಂಬಲ್ಲಿ ನಾವೂ ‘ನಾನು’ ಹೇಳಿಲ್ಲ. ‘ಹಾಬೆ’ ಎಂಬುದು ‘ಹಾಬ್’ ಆಗಿದೆ, ‘ಎಟ್ವಾಸ್’ ಎಂಬುದು ‘ವಾಸ್’ ಆಗಿದೆ. ನಾವು ‘ಸಿಗೋಣವೇ’ ಎಂಬುದನ್ನು ‘ಸಿಗೋಣ್ವಾ’ ಎಂದು ಸವೆಸುವ ಹಾಗೆ. ಇನ್ನು ಕೊನೆಯ ‘ಓಡರ್?’ ನಿಘಂಟಿನಲ್ಲಿ ‘ಅಥವಾ’, ಇಲ್ಲಿ ‘ತಾನೇ?’

‘ಗೇಟ್ ಔಫ್ ಮಿಶ್’ ಎಂದರೆ ಬಿಲ್ಲು ನನ್ನದು. ಅದರ ಜೊತೆಗೆ ‘ಕಾಪೆ’, ಅಂದರೆ ಟೋಪಿ, ಸೇರಿಸಿ ‘ಡಾಸ್ ಗೇಟ್ ಔಫ್ ಮೈನೆ ಕಾಪೆ’ ಎಂದರೆ ಅದು ‘ಮೈ ಬ್ಯಾಡ್’, ತಪ್ಪಿನ ಹೊಣೆ ನನ್ನದು ಎಂದಾಗುತ್ತದೆ. ಟೋಪಿಯೊಂದು ಹೆಚ್ಚು ಕಡಿಮೆಯಾದರೆ ಊಟ ಕೊಡಿಸಲು ಹೋದವರು ಅಪರಾಧ ಒಪ್ಪಿಕೊಂಡು ಬರುತ್ತೀರಿ.

ಇದೇ ಸಂದೇಶ ‘ಝೀ’ ಎಂದು ಕರೆಯುವ ಸಹೋದ್ಯೋಗಿಗೆ ಹೋಗಬೇಕಾದರೆ ಬೇರೆಯೇ ಬಟ್ಟೆ ತೊಡಬೇಕು: ‘ಟೂಟ್ ಮೀರ್ ಲೈಟ್, ಡಾಸ್ ಇಶ್ ಗೆಸ್ಟರ್ನ್ ಝೋ ಕುರ್ತ್ಸ್‌ಫ್ರಿಸ್ಟಿಶ್ ಅಬ್‌ಝಾಗೆನ್ ಮುಸ್ಟೆ.’ ಅಂದರೆ, ‘ನಿನ್ನೆ ಕೊನೆಯ ಗಳಿಗೆಯಲ್ಲಿ ಬರಲಾಗದೆಂದು ಹೇಳಬೇಕಾಯಿತು, ಕ್ಷಮಿಸಿ.’ ಸ್ಲ್ಯಾಂಗು ಅಲ್ಲಿ ಪೂರ್ತಿ ಕರಗಿಹೋಗಿದೆ, ಕರಗಿಹೋಗಬೇಕಾದದ್ದೇ.

ನಾಲ್ಕನೆಯ ಹೆಜ್ಜೆ: ಬಿಸಿಯ ಅಳತೆ

ಒಂದೇ ಅರ್ಥದ ಮಾತುಗಳನ್ನು ತಣ್ಣಗಿನಿಂದ ಸುಡುವವರೆಗೆ ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ‘ಐ ಡೋಂಟ್ ಕೇರ್’ ಎಂಬುದಕ್ಕೆ ಕೆಳಗಿನ ಮೆಟ್ಟಿಲು ‘ಎಗಾಲ್’, ಅದರ ಮೇಲೆ ‘ವುರ್ಸ್ಟ್’, ಅಂದರೆ ಸಾಸೇಜ್, ದಕ್ಷಿಣದ ಬಾಯಲ್ಲಿ ‘ವುರ್ಶ್ಟ್’, ಅದರ ಪಕ್ಕಕ್ಕೆ ಸ್ವಲ್ಪ ತುಂಟತನದ ‘ಶ್ನುಪ್ಪೆ’, ತುದಿಯಲ್ಲಿ ‘ಶೈಸ್‌ಎಗಾಲ್’. ‘ಐ ಆ್ಯಮ್ ಸಿಕ್ ಆಫ್ ಇಟ್’ ಎಂಬುದಕ್ಕೆ ‘ಇಶ್ ಹಾಬ್ ಡೀ ನಾಸೆ ಫೊಲ್’, ಮೂಗು ತುಂಬಿದೆ ಎಂದರೆ ಸಭ್ಯ. ಮೂಗಿನ ಬದಲು ಪ್ರಾಣಿಯ ಮೂತಿ ಎಂಬರ್ಥದ ‘ಶ್ನೌತ್ಸೆ’ ಬಂದರೆ ಒರಟು. ‘ಆರ್ ಯೂ ಕಿಡ್ಡಿಂಗ್ ಮಿ’ ಎಂಬುದಕ್ಕೆ ‘ವಿಲ್ಸ್ಟ್ ಡೂ ಮಿಶ್ ಔಫ್ ಡೇನ್ ಆರ್ಮ್ ನೇಮೆನ್’, ಅಂದರೆ ನನ್ನನ್ನು ತೋಳಿನ ಮೇಲೆ ಎತ್ತಿಕೊಳ್ಳುತ್ತಿದ್ದೀಯಾ, ಎಂದರೆ ಅತ್ತೆಯ ಎದುರೂ ಹೇಳಬಹುದು. ‘ವಿಲ್ಸ್ಟ್ ಡೂ ಮಿಶ್ ಫೆರ್‌ಆರ್ಶೆನ್’ ಎಂದರೆ ಗೆಳೆಯರ ನಡುವೆ ಮಾತ್ರ. ಎರಡೂ ನಮ್ಮ ‘ಬಕ್ರಾ ಮಾಡ್ತಿದ್ದೀಯಾ’ ಎಂಬುದರ ನೆಂಟರು.

ಡೂಡೆನ್ ನಿಘಂಟು ಈ ಕೆಲಸಕ್ಕೆ ದೊಡ್ಡ ನೆರವು, ಏಕೆಂದರೆ ಪದದ ಪಕ್ಕದಲ್ಲೇ ಅದು ಬಳಕೆಯ ಮಟ್ಟವನ್ನು ಸೂಚಿಸುತ್ತದೆ. ‘ಉಮ್‌ಗಾಂಗ್ಸ್‌ಶ್ಪ್ರಾಖ್ಲಿಶ್’ ಎಂದಿದ್ದರೆ ಎಲ್ಲರ ಆಡುಮಾತು. ‘ಝಾಲೊಪ್’ ಎಂದಿದ್ದರೆ ತುಸು ಸಡಿಲ. ‘ಡೆರ್ಪ್’ ಎಂದಿದ್ದರೆ ಒರಟು, ನಿಮ್ಮ ಮೂಲದ ಪಾತ್ರ ನಿಜಕ್ಕೂ ಅಷ್ಟು ಒರಟನೇ ಎಂದು ಇನ್ನೊಮ್ಮೆ ಕೇಳಿಕೊಳ್ಳಿ.

‘ಆಸಮ್’ ಎಂಬುದಕ್ಕೆ ಸಿಗುವ ‘ಗೈಲ್’ ಎಂಬ ಪದದ ಕತೆ ಇಲ್ಲಿ ಹೇಳಬೇಕಾದದ್ದು. ಅದರ ಹಳೆಯ ಅರ್ಥ ಕಾಮಾತುರ. 1980ರ ದಶಕದ ಯುವಕರು ಅದನ್ನು ‘ಸಕ್ಕತ್’ ಎಂಬ ಅರ್ಥಕ್ಕೆ ಎಳೆದರು. 2002ರಲ್ಲಿ ಝಾಟುರ್ನ್ ಎಂಬ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಸರಣಿ ‘ಗೈತ್ಸ್ ಇಸ್ಟ್ ಗೈಲ್’, ಅಂದರೆ ‘ಜಿಪುಣತನವೇ ಮಸ್ತ್’, ಎಂದು ಜಾಹೀರಾತು ಮಾಡಿದಾಗ ಪದ ಬೀದಿಯಿಂದ ಟಿವಿಗೆ ಬಂದು ಕುಳಿತಿತು. ಇಂದು ಗೆಳೆಯರ ನಡುವೆ ಅದರಲ್ಲಿ ಪೋಲಿತನವೇ ಉಳಿದಿಲ್ಲ. ಆದರೂ ಎಂಬತ್ತು ದಾಟಿದ ಅಜ್ಜಿಯ ಕಿವಿಗೆ ಹಳೆಯ ಅರ್ಥ ತಟ್ಟಬಹುದು, ಮತ್ತು ‘ವಸ್ತು ಗೈಲ್’ ಎಂಬುದಕ್ಕೂ ‘ನಾನು ಗೈಲ್’ ಎಂಬುದಕ್ಕೂ ನನ್ನ ಸೆಕೆಯ ವಾಕ್ಯದಷ್ಟೇ ಅಂತರವಿದೆ.

ಐದನೆಯ ಹೆಜ್ಜೆ: ಬೈಗುಳ

ಇಂಗ್ಲಿಷಿನ ಬೈಗುಳ ಹೆಚ್ಚಾಗಿ ಹಾಸಿಗೆಯ ಸುತ್ತ ತಿರುಗಿದರೆ ಜರ್ಮನ್ ಬೈಗುಳ ಹೆಚ್ಚಾಗಿ ಕಕ್ಕಸಿನ ಸುತ್ತ ತಿರುಗುತ್ತದೆ. ಆದುದರಿಂದ ಇಂಗ್ಲಿಷಿನ ನಾಲ್ಕಕ್ಷರದ ಪದವನ್ನು ಅದರ ಲೈಂಗಿಕ ಅರ್ಥಕ್ಕೆ ತಕ್ಕ ಜರ್ಮನ್ ಪದದಿಂದ ತುಂಬಿದರೆ ಮಾತು ಅಸಹ್ಯವೂ ಅಸಹಜವೂ ಆಗುತ್ತದೆ. ಬಹುತೇಕ ಕಡೆ ‘ಶೈಸೆ’ ಅಥವಾ ‘ಫೆರ್‌ಡಾಮ್ಟ್’ ಸಾಕು, ನಾಮಪದದ ಆರಂಭಕ್ಕೆ ಬೇಕಾದರೆ ‘ಶೈಸ್’ ಎಂಬ ಪೂರ್ವಪದ ಅಂಟಿಸಬಹುದು.

ಎರವಲು ಬೈಗುಳ ತನ್ನ ಬಿಸಿಯನ್ನು ಗಡಿಯಲ್ಲೇ ಕಳೆದುಕೊಂಡು ಬರುತ್ತದೆ ಎಂಬುದಕ್ಕೆ ‘ಶಿಟ್‌ಸ್ಟಾರ್ಮ್’ ಒಳ್ಳೆಯ ಉದಾಹರಣೆ. ಆನ್‌ಲೈನ್ ಆಕ್ರೋಶದ ಸುರಿಮಳೆ ಎಂಬರ್ಥದಲ್ಲಿ ಜರ್ಮನ್ ಪತ್ರಿಕೆಗಳು ಅದನ್ನು ಸಂಕೋಚವಿಲ್ಲದೆ ಮುದ್ರಿಸುತ್ತವೆ. 2018ರ ಡಿಸೆಂಬರಿನಲ್ಲಿ ನ್ಯೂರೆಂಬರ್ಗಿನ ಡಿಜಿಟಲ್ ಶೃಂಗಸಭೆಯಲ್ಲಿ ಅಂದಿನ ಚಾನ್ಸಲರ್ ಆಂಗೆಲಾ ಮೆರ್ಕೆಲ್, ಇಂಟರ್ನೆಟ್ಟು ನಮಗೆಲ್ಲ ಹೊಸ ನೆಲ ಎಂದು ತಾವು ಹಿಂದೆ ಆಡಿದ್ದ ಮಾತಿಗೆ ಎದ್ದ ಟೀಕೆಯನ್ನು ಆ ಪದದಿಂದಲೇ ಕರೆದರು. ಜರ್ಮನ್ ಸಭೆಗೆ ಅದು ಮಾಮೂಲಿ ಮಾತು, ಇಂಗ್ಲಿಷ್ ಪತ್ರಿಕೆಗಳಿಗೆ ಸುದ್ದಿ. ಅನುವಾದಕ ಗಮನಿಸಬೇಕಾದದ್ದು ಎರಡೂ ದಿಕ್ಕಿನ ಅಪಾಯವನ್ನು: ಜರ್ಮನ್‌ನಲ್ಲಿ ಇಂಗ್ಲಿಷ್ ಬೈಗುಳವನ್ನು ಹಾಗೆಯೇ ಉಳಿಸಿದರೆ ಮೂಲಕ್ಕಿಂತ ತಣ್ಣಗಾದೀತು, ಜರ್ಮನ್ನರ ಆ ತಣ್ಣಗಿನ ಪದವನ್ನು ಇಂಗ್ಲಿಷಿಗೆ ಹಾಗೆಯೇ ಮರಳಿಸಿದರೆ ಸುಟ್ಟೀತು.

ವ್ಯಕ್ತಿಯ ಮುಖಕ್ಕೆ ಬೈಯುವ ಮಾತುಗಳ ವಿಷಯ ಬೇರೆಯೇ. ಜರ್ಮನ್ ದಂಡಸಂಹಿತೆಯ 185ನೆಯ ವಿಧಿಯ ಪ್ರಕಾರ ಅವಮಾನ ಮಾಡುವುದು ಅಪರಾಧ. ದಂಡ ಅಥವಾ ಒಂದು ವರ್ಷದವರೆಗಿನ ಸೆರೆ, ಸಾರ್ವಜನಿಕವಾಗಿ ಮಾಡಿದ್ದರೆ ಎರಡು ವರ್ಷದವರೆಗೆ. ರಸ್ತೆಯಲ್ಲಿ ಇನ್ನೊಬ್ಬ ಚಾಲಕನಿಗೆ ಹಣೆಗೆ ಬೆರಳು ತಟ್ಟಿ ‘ತಲೆ ಕೆಟ್ಟಿದೆಯಾ’ ಎಂದು ಸನ್ನೆ ಮಾಡಿದರೂ ದಂಡ ತೆರಬೇಕಾಗಬಹುದು. ಅಡಿಬರಹದಲ್ಲಿ ಬರೆಯಲು ಅಡ್ಡಿಯಿಲ್ಲ. ಕಲಿತದ್ದನ್ನು ಹೆದ್ದಾರಿಯಲ್ಲಿ ಪ್ರಯೋಗಿಸಬೇಡಿ.

ಆರನೆಯ ಹೆಜ್ಜೆ: ಎರವಲು ಪದ ಮತ್ತು ಮೋಸದ ಪದ

ಎಷ್ಟೋ ಇಂಗ್ಲಿಷ್ ಸ್ಲ್ಯಾಂಗ್ ಪದಗಳು ಈಗಾಗಲೇ ಜರ್ಮನ್‌ನೊಳಗಿವೆ. ಅವಕ್ಕೆ ಬೇರೆ ಪದ ಹುಡುಕುವುದು ವ್ಯರ್ಥ ಶ್ರಮ. ಆದರೆ ಒಳಗೆ ಬಂದ ಪದ ಮನೆಯ ವ್ಯಾಕರಣ ಪಾಲಿಸಬೇಕು. ‘ಚಿಲ್’ ಎಂಬುದು ‘ಚಿಲೆನ್’ ಆಗಿ, ಭೂತಕಾಲದಲ್ಲಿ ‘ಗೆಚಿಲ್ಟ್’ ಎಂದಾಗುತ್ತದೆ. ಉತ್ತರವೇ ಕೊಡದೆ ಮಾಯವಾದವನ ಬಗ್ಗೆ ‘ಏರ್ ಹಾಟ್ ಮಿಶ್ ಗೆಗೋಸ್ಟೆಟ್’ ಎನ್ನುತ್ತಾರೆ. ನಾವು ‘ಡೌನ್‌ಲೋಡ್ ಮಾಡಿದೆ’ ಎಂದು ‘ಮಾಡು’ ಸೇರಿಸಿ ಬಚಾವಾಗುವಲ್ಲಿ ಜರ್ಮನ್ನರು ಪದದ ಹಿಂದೂ ಮುಂದೂ ಪ್ರತ್ಯಯ ಹಚ್ಚುತ್ತಾರೆ. ನಾಮಪದವಾದರೆ ಲಿಂಗವನ್ನೂ ಕೊಡಬೇಕು: ‘ಡೇಟ್’ ನಪುಂಸಕ, ‘ಪಾರ್ಟಿ’ ಸ್ತ್ರೀಲಿಂಗ.

ಒಂದೇ ರೂಪದಲ್ಲಿದ್ದು ಬೇರೆ ಅರ್ಥ ಕೊಡುವ ಪದಗಳಲ್ಲಿ ನನಗೆ ಮೋಜೆನಿಸುವುದು ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯ ಮೂಲಕ ಅಮೆರಿಕ ಸೇರಿದವು. ನ್ಯೂಯಾರ್ಕಿನಲ್ಲಿ ‘ಶ್ಮಕ್’ ಎಂದರೆ ಮೂರ್ಖ. ಜರ್ಮನ್‌ನಲ್ಲಿ ‘ಶ್ಮುಕ್’ ಎಂದರೆ ಒಡವೆ. ಇಂಗ್ಲಿಷಿನ ‘ಶ್ಪೀಲ್’ ಮಾರಾಟಗಾರನ ಉದ್ದನೆಯ ಭಾಷಣ. ಜರ್ಮನ್‌ನಲ್ಲಿ ಬರೀ ಆಟ. ಎಡವಟ್ಟು ಕೈಯವನಿಗೆ ಇಂಗ್ಲಿಷ್ ‘ಕ್ಲಟ್ಸ್’ ಎನ್ನುತ್ತದೆ. ಅದರ ಮೂಲಪದ ‘ಕ್ಲೊಟ್ಸ್’ ಜರ್ಮನ್‌ನಲ್ಲಿ ಮರದ ದಿಮ್ಮಿ, ಎಡವಟ್ಟಿನವನಿಗೆ ಅಲ್ಲಿ ‘ಟೊಲ್‌ಪಾಚ್’. ತವರಿಗೆ ಮರಳಿದ ಪದವನ್ನು ಯಾರೂ ಗುರುತು ಹಿಡಿಯುವುದಿಲ್ಲ. ಅದೇ ಯಿಡ್ಡಿಷಿನಿಂದ ಜರ್ಮನ್ ಪಡೆದದ್ದೂ ಇದೆ: ‘ಐ ಆ್ಯಮ್ ಬ್ರೋಕ್’ ಎಂಬುದಕ್ಕೆ ಸರಿಹೊಂದುವ ‘ಇಶ್ ಬಿನ್ ಪ್ಲೈಟೆ’ ಎಂಬಲ್ಲಿನ ‘ಪ್ಲೈಟೆ’ಯ ಬೇರು, ತಪ್ಪಿಸಿಕೊಂಡು ಓಡುವುದು ಎಂಬರ್ಥದ ಹೀಬ್ರೂ ಪದ. ಇನ್ನು ‘ಬೀಮರ್’: ಇಂಗ್ಲಿಷ್ ಸ್ಲ್ಯಾಂಗಿನಲ್ಲಿ ಅದು ಬಿಎಂಡಬ್ಲ್ಯು ಕಾರು, ಆ ಕಾರು ತಯಾರಾಗುವ ದೇಶದಲ್ಲಿ ‘ಬೀಮರ್’ ಎಂದರೆ ಸಭಾಂಗಣದ ಪ್ರೊಜೆಕ್ಟರ್.

ಏಳನೆಯ ಹೆಜ್ಜೆ: ವಯಸ್ಸು ಮತ್ತು ಊರು

‘ಬೊಂಬಾಟ್’ ಎಂದವನ ವಯಸ್ಸನ್ನು ನಾವು ಊಹಿಸುತ್ತೇವೆ. ಜರ್ಮನ್‌ನಲ್ಲಿಯೂ ಹಾಗೆಯೇ: ‘ಕ್ನೋರ್ಕೆ’ 1920ರ ದಶಕದ ಬರ್ಲಿನ್ನಿನ ಗಾಳಿ ತರುತ್ತದೆ, ‘ಡುಫ್ಟೆ’ ಅಜ್ಜನ 1970, ‘ಕ್ರಾಸ್’ ಇಂದಿಗೂ ಓಡುತ್ತಿದೆ. ಮೂಲದಲ್ಲಿ ‘ಗ್ರೂವಿ’ ಇದ್ದರೆ ‘ಕ್ರಾಸ್’ ಎಂದು ತಿರುಗಿಸುವುದು ಅಜ್ಜನಿಗೆ ಮೊಮ್ಮಗನ ಟೀಶರ್ಟು ತೊಡಿಸಿದಂತೆ.

ಊರಿನ ಪ್ರಶ್ನೆ ಚಿಕ್ಕದಲ್ಲ, ಆದರೆ ಹೊಸಬರಿಗೆ ನನ್ನ ಸಲಹೆ ಸರಳ: ಪಾತ್ರ ಒಂದು ಊರಿನದೆಂದು ಮೂಲವೇ ಹೇಳದ ಹೊರತು ಪ್ರಾದೇಶಿಕ ಪದ ಬೇಡ. ‘ನೋ ವರಿಸ್’ ಎಂಬುದಕ್ಕೆ ‘ಆಲೆಸ್ ಗೂಟ್’ ಎಲ್ಲೆಡೆ ನಡೆಯುತ್ತದೆ. ‘ಪಾಸ್ಟ್ ಶೋ’ ಬವೇರಿಯಾದ ಕಡೆಯದು. ‘ಲೈವಾಂಡ್’ ವಿಯೆನ್ನಾದ ‘ಸಕ್ಕತ್’. ನ್ಯೂಯಾರ್ಕಿನ ಬಾರ್‌ಟೆಂಡರ್ ಬವೇರಿಯನ್ ಮಾತನಾಡಿದರೆ, ಷಿಕಾಗೋದ ಪೊಲೀಸಪ್ಪ ಧಾರವಾಡದ ಕನ್ನಡ ಮಾತನಾಡಿದಂತೆ ಕೇಳುತ್ತದೆ. ನಗಿಸುವುದೇ ಉದ್ದೇಶವಾಗಿದ್ದರೆ ಸರಿ. ಟರ್ಕಿಶ್, ಅರಬ್ಬಿ ಮೂಲದ ‘ಯಲ್ಲಾ’, ‘ವಲ್ಲಾ’ ಮುಂತಾದವು ದೊಡ್ಡ ನಗರಗಳ ಎಳೆಯರ ಮಾತಿನಲ್ಲಿ ಸಹಜವಾಗಿ ಬೆರೆತಿವೆ. ಅಮೆರಿಕದ ಕಪ್ಪು ಜನರ ಮಾತಿಗೆ ಇವನ್ನೇ ಸಮಾನವೆಂದು ಹಚ್ಚುವ ಪರಿಪಾಠ ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಒಂದು ಸಮುದಾಯದ ಚರಿತ್ರೆ ಇನ್ನೊಂದರ ಬೆನ್ನೇರುತ್ತದೆ.

ಎಂಟನೆಯ ಹೆಜ್ಜೆ: ಪರೀಕ್ಷೆಗೆ ಒಡ್ಡುವುದು

ಬರೆದ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಜರ್ಮನ್ನರು ಅದನ್ನು ನಿಜಕ್ಕೂ ಬಳಸಿದ್ದಾರೆಯೇ ಎಂದು ತಿಳಿಯುತ್ತದೆ. ಬರ್ಲಿನ್-ಬ್ರಾಂಡೆನ್‌ಬುರ್ಗ್ ಅಕಾಡೆಮಿಯ ಡಿಡಬ್ಲ್ಯುಡಿಎಸ್ ಎಂಬ ಉಚಿತ ಡಿಜಿಟಲ್ ನಿಘಂಟಿನಲ್ಲಿ ಪದದ ಬಳಕೆ ವರ್ಷದಿಂದ ವರ್ಷಕ್ಕೆ ಏರಿಳಿದ ರೇಖೆಯನ್ನೇ ನೋಡಬಹುದು. ಕಲೋನ್ ನಗರದ ಡೀಪ್‌ಎಲ್ ಮೊದಲಾದ ಯಂತ್ರಾನುವಾದಗಳನ್ನು ಕರಡಿಗೆ ಬಳಸಿದರೆ ತಪ್ಪಿಲ್ಲ, ಆದರೆ ‘ಡೂ’ ಮತ್ತು ‘ಝೀ’ ನಡುವೆ ಯಂತ್ರ ಯಾವುದನ್ನು ಆರಿಸಿದೆ ಎಂಬುದನ್ನು ಪ್ರತಿ ವಾಕ್ಯದಲ್ಲೂ ನೋಡಬೇಕು. ಅಡಿಬರಹವಾದರೆ ಉದ್ದವನ್ನೂ ಎಣಿಸಿ: ಒಂದು ಸಾಲಿಗೆ 42 ಅಕ್ಷರಗಳ ಆಸುಪಾಸಿನ ಮಿತಿಯೊಳಗೆ ಜರ್ಮನ್ ಇಂಗ್ಲಿಷಿಗಿಂತ ಬೇಗ ಇಕ್ಕಟ್ಟಾಗುತ್ತದೆ, ಆಗ ಮೊದಲು ಕತ್ತರಿ ಬೀಳುವುದು ಪ್ರೀತಿಯ ‘ಹಾಲ್ಟ್’, ‘ಮಾಲ್’ಗಳಿಗೇ. ಸಾಧ್ಯವಾದಷ್ಟು ಅವನ್ನು ಉಳಿಸಿ, ವಿಶೇಷಣಗಳನ್ನು ಕತ್ತರಿಸಿ.

ಜರ್ಮನ್ ಗೆಳೆಯರನ್ನು ಕೇಳುವಾಗ ‘ಇದು ಸರಿಯೇ?’ ಎಂದು ಕೇಳಬೇಡಿ. ಸೌಜನ್ಯಕ್ಕೆ ‘ಹೌದು’ ಎಂದುಬಿಡುತ್ತಾರೆ. ‘ಈ ಮಾತನ್ನು ಯಾರು, ಎಷ್ಟು ವಯಸ್ಸಿನವರು, ಯಾರಿಗೆ ಹೇಳುತ್ತಾರೆ?’ ಎಂದು ಕೇಳಿ. ಉತ್ತರ ಮೊದಲ ಹೆಜ್ಜೆಯಲ್ಲಿ ನೀವು ಬರೆದಿಟ್ಟ ಟಿಪ್ಪಣಿಗೆ ಹೊಂದಬೇಕು. ಹೊಂದದಿದ್ದರೆ ವಾಕ್ಯ ಎಷ್ಟೇ ಚೆಂದವಿರಲಿ, ಕೈಬಿಡಬೇಕು.

ಸಿಕ್ಕ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವಾಗ ಪಕ್ಕದಲ್ಲಿ ವರ್ಷ ಹಾಕಿ. ಲಾಂಗೆನ್‌ಶೈಟ್ ಪ್ರಕಾಶನ 2008ರಿಂದ ‘ವರ್ಷದ ಯುವಪದ’ ಎಂಬುದನ್ನು ಘೋಷಿಸುತ್ತ ಬಂದಿದೆ: 2013ರಲ್ಲಿ ‘ಬಾಬೋ’, 2020ರಲ್ಲಿ ‘ಲಾಸ್ಟ್’, 2021ರಲ್ಲಿ ‘ಕ್ರಿಂಜ್’, 2023ರಲ್ಲಿ ‘ಗೂಫಿ’, 2024ರಲ್ಲಿ ‘ಔರಾ’. ಪಟ್ಟಿಯನ್ನು ಪದಕೋಶವೆಂದು ತಿಳಿಯುವುದು ಅಪಾಯ. 2016ರಲ್ಲಿ ಗೆದ್ದ ‘ಫ್ಲೈ ಝೈನ್’, ಅಂದರೆ ಸಕ್ಕತ್ತಾಗಿರುವುದು, ಎಂಬುದನ್ನು ನಾನು ಉತ್ಸಾಹದಿಂದ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ. ಒಬ್ಬ ಹದಿಹರೆಯದ ಹುಡುಗನ ಮುಂದೆ ಬಳಸಿದಾಗ ಅವನು ‘ಹೀಗೆ ಯಾರು ಹೇಳುತ್ತಾರೆ?’ ಎಂದು ಕೇಳಿದ. ಆ ಸಾಲಿನ ಮೇಲೆ ಈಗ ಅಡ್ಡಗೆರೆ ಇದೆ, ಪಕ್ಕದಲ್ಲಿ ಆ ಹುಡುಗ ತಾನೇ ಬರೆದುಕೊಟ್ಟ ‘ನೈಸ್’.